ತಂಪು ಬೇಕಾದುದು ಮನೆಗಲ್ಲ, ಮನೆಮಂದಿಗೆ

ವೈಶಾಖದ ಒಂದು ಮಧ್ಯಾಹ್ನ ಕಲಬುರಗಿಯ ಬಂಧುಗಳ ಮನೆಗೆ ಹೋಗಿದ್ದೆ. ಹೊರಗಿನ ಉಷ್ಣತೆ 42 ಡಿಗ್ರಿ ದಾಟಿತ್ತು. ಒಳಗೆ ಮೂರು ಖೋಲಿಗಳಲ್ಲಿ ಫ್ಯಾನುಗಳು ತಿರುಗುತ್ತಿದ್ದವು. ಅವುಗಳಲ್ಲಿ ಎರಡು ಖೋಲಿಗಳು ಬರಿದಾಗಿದ್ದವು. ಪಡಸಾಲೆಯಲ್ಲಿ ಕುಳಿತಿದ್ದ ಆ ಮನೆಯ ಅಜ್ಜಿ ಮೊಮ್ಮಗನನ್ನು ಕರೆದು, “ಯಾರೂ ಇರಲಾರದ ಖೋಲಿಗಿ ಯಾಕ ಗಾಳಿ ಹಾಕಲತ್ತಿ, ತಮ್ಮಾ?” ಎಂದರು. ಮಾತು ಸಣ್ಣದು, ಅದರೊಳಗಿನ ವಿಚಾರ ದೊಡ್ಡದು.

ಫ್ಯಾನು ಖೋಲಿಯನ್ನು ತಂಪುಗೊಳಿಸುವುದಿಲ್ಲ. ಅದರ ಗಾಳಿ ಮೈಯ ಬೆವರನ್ನು ಆರಿಸುವುದರಿಂದ ನಮಗೆ ತಂಪೆನಿಸುತ್ತದೆ. ಯಾರೂ ಇಲ್ಲದೆಡೆ ಅದರ ಮೋಟಾರು ತನ್ನ ಶಾಖವನ್ನಷ್ಟೇ ಸೇರಿಸುತ್ತದೆ. 75 ವ್ಯಾಟಿನ ಎರಡು ಫ್ಯಾನುಗಳು ದಿನಕ್ಕೆ 10 ಗಂಟೆ ವ್ಯರ್ಥವಾಗಿ ತಿರುಗಿದರೆ ಒಂದೂವರೆ ಯೂನಿಟ್, ತಿಂಗಳಿಗೆ 45 ಯೂನಿಟ್ ನಷ್ಟ.

ನಮ್ಮ ಹಿರಿಯರು ಮನೆಯನ್ನೆಲ್ಲ ತಂಪುಗೊಳಿಸಲು ಹೋಗಲಿಲ್ಲ; ತಂಪಿದ್ದೆಡೆಗೆ ತಾವೇ ಸರಿದರು. ಹಗಲಿನಲ್ಲಿ ದಪ್ಪಗೋಡೆಯ ಪಡಸಾಲೆಯ ಹಾಸುಗಲ್ಲು, ಇರುಳಿನಲ್ಲಿ ತೆರೆದ ಮಾಳಿಗೆ ಅವರ ಆಸರೆಯಾಗಿದ್ದವು. ಸಿಮೆಂಟಿನ ಮನೆಗಳಲ್ಲಿ ವಾಸಿಸುವ ನಾವು ಆ ಜಾಣ್ಮೆಯನ್ನು ಬೇರೆ ರೀತಿಯಲ್ಲಿ ಉಳಿಸಿಕೊಳ್ಳಬಹುದು.

ಒಂದೂವರೆ ಟನ್ನಿನ ಏರ್ ಕಂಡೀಷನರ್ ಪೂರ್ಣವಾಗಿ ದುಡಿಯುವಾಗ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಬಳಸುತ್ತದೆ. ಅಂದರೆ 20 ಫ್ಯಾನುಗಳಷ್ಟು! ಆದುದರಿಂದ ಅತಿಯಾದ ಸೆಕೆಯ ವಾರಗಳಲ್ಲಿ ಮನೆಮಂದಿಯೆಲ್ಲ ಒಂದೇ ಖೋಲಿಯಲ್ಲಿ ಮಲಗುವುದು ಲೇಸು. ಬಾಗಿಲು ಮುಚ್ಚಿ, ಅದರ ಕೆಳಗಿನ ಸಂದಿಗೆ ಹಳೆಯ ಬಟ್ಟೆಯನ್ನಿಡಿರಿ. ಬಿಸಿಲು ಬೀಳುವ ಕಿಟಕಿಗೆ ಹಗಲೆಲ್ಲ ಪರದೆ ಇರಲಿ. 2020ರಿಂದ ನಮ್ಮ ದೇಶದಲ್ಲಿ ನಕ್ಷತ್ರ ಗುರುತಿನ ಯಂತ್ರಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂಬ ನಿಯಮವಾಯಿತು. ಆ ಮಟ್ಟಕ್ಕಿಂತ ಕೆಳಗಿಳಿಸದೆ, ಫ್ಯಾನನ್ನು ಸಣ್ಣಗೆ ತಿರುಗಲು ಬಿಟ್ಟರೆ ಸಾಕು.

ಕೂಲರಿನ ರೀತಿಯೇ ಬೇರೆ. ಅದು ನೀರನ್ನು ಆವಿಯಾಗಿಸಿ ತಂಪು ಕೊಡುವುದರಿಂದ ಕಿಟಕಿ ಕೊಂಚ ತೆರೆದಿರಲೇಬೇಕು; ಇಲ್ಲವಾದರೆ ತೇವ ತುಂಬಿ ಉಸಿರುಗಟ್ಟುತ್ತದೆ. ಕಲಬುರಗಿ, ರಾಯಚೂರುಗಳ ಒಣಹವೆಗೆ ಅದು ಒಪ್ಪುತ್ತದೆ. ಮಂಗಳೂರಿನ ತೇವದ ಹವೆಗೆ ಅಷ್ಟಾಗಿ ಒಪ್ಪದು.

ಇಷ್ಟೆಲ್ಲ ಹೇಳಿದ ಮೇಲೆ ಆ ಅಜ್ಜಿಯ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ತಪ್ಪಾದೀತು. ಪಡಸಾಲೆಯಲ್ಲಿ ತಮ್ಮ ತಲೆಯ ಮೇಲಿನ ಫ್ಯಾನನ್ನೂ ಅವರು ಆರಿಸಿದ್ದರು. “ನಾ ಒಬ್ಬಾಕಿ, ನನಗ್ಯಾಕ ಬೇಕು?” ಎಂದು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಇದು ಉಳಿತಾಯವಲ್ಲ, ಅಪಾಯ. ಮುಪ್ಪಿನಲ್ಲಿ ಬಾಯಾರಿಕೆ ತಿಳಿಯುವುದು ಕಡಿಮೆ, ಬೆವರುವುದೂ ಕಡಿಮೆ. ಗಾಳಿಯೇ 40 ಡಿಗ್ರಿ ಮೀರಿದಾಗ ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ. ಆಗ ನೀರು, ಮಜ್ಜಿಗೆ, ಒದ್ದೆಬಟ್ಟೆ, ತಂಪಾದ ಖೋಲಿ ನಾಲ್ಕೂ ಬೇಕು.

ಹಿರಿಯರು ತಾವಾಗಿ ಕೇಳಲಾರರು. ಆದಕಾರಣ ತಂಪಿರುವ ಒಂದೇ ಖೋಲಿಯಲ್ಲಿ ಮೊದಲ ಹಾಸಿಗೆ ಅವರದಾಗಿರಲಿ. ಬರಿದಾದ ಖೋಲಿಯ ಗುಂಡಿಯನ್ನು ಆರಿಸುವ ಕೈಯೇ ಅಜ್ಜಿಯ ತಲೆಯ ಮೇಲಿನ ಫ್ಯಾನನ್ನು ಹಚ್ಚಲಿ. ಉಳಿತಾಯದ ನಿಜವಾದ ಅರ್ಥ ಇದೇ.