ಸತ್ತ ಮೇಲೂ ಕುಟುಕುವ ಜೆಲ್ಲಿಫಿಶ್

ದಂಡಿಗನಹಳ್ಳಿಯಿಂದ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೊರಟವರೇ, ಮರಳಿನ ಮೇಲೆ ಲೋಳೆಯಂತೆ ಬಿದ್ದಿರುವ ಜೆಲ್ಲಿಫಿಶ್ ಮುಟ್ಟಬೇಡಿ. ಸತ್ತಿದ್ದರೂ ಕುಟುಕುತ್ತದೆ!

ಅದರ ಎಳೆಗಳ ತುಂಬಾ ಕಣ್ಣಿಗೆ ಕಾಣದ ಕುಟುಕು ಕೋಶಗಳು. ಒಂದೊಂದರಲ್ಲೂ ಪುಟ್ಟ ಚೀಲ, ಚೀಲದೊಳಗೆ ಸುರುಳಿ ಸುತ್ತಿದ ಟೊಳ್ಳು ದಾರ. ಒಳಗಿನ ಒತ್ತಡ ಗಾಳಿಯ ಒತ್ತಡದ ಸುಮಾರು 150 ಪಟ್ಟು! ಚರ್ಮ ತಾಗಿದ್ದೇ ತಡ, ಒಳಮಗ್ಗುಲಾದ ಅಂಗಿ ತೋಳನ್ನು ಹೊರಗೆಳೆದ ಹಾಗೆ ದಾರ ಮಗುಚಿಕೊಂಡು ಚಿಮ್ಮುತ್ತದೆ, ಚರ್ಮಕ್ಕೆ ನಾಟಿ ವಿಷ ಇಳಿಸುತ್ತದೆ. ಇದಕ್ಕೆ ಮೆದುಳಿನ ಅಪ್ಪಣೆ ಬೇಕಿಲ್ಲ, ಅದಕ್ಕೇ ಸತ್ತ ಮೇಲೂ ಕುಟುಕುತ್ತದೆ. ಜೆಲ್ಲಿಫಿಶ್‌ಗೆ ಮೆದುಳೇ ಇಲ್ಲ.

ಈ ಸಿಡಿತದ ವೇಗವನ್ನು ಅಳೆದದ್ದು ಕಡಲಿನ ಜೀವಿಯಲ್ಲಲ್ಲ. ಕೆರೆ ಕಟ್ಟೆಯ ಸಿಹಿನೀರಲ್ಲಿ ಎಲೆಗಂಟಿ ಬದುಕುವ ಅದರ ನೆಂಟ ಹೈಡ್ರಾದಲ್ಲಿ. 2006ರಲ್ಲಿ ಜರ್ಮನಿಯ ವಿಜ್ಞಾನಿಗಳಿಗೆ ಸಿಕ್ಕ ಲೆಕ್ಕ, 700 ನ್ಯಾನೊಸೆಕೆಂಡ್. ಪ್ರಾಣಿಲೋಕದ ಅತಿ ವೇಗದ ಚಲನೆಗಳಲ್ಲೊಂದು ಇದು. ಹೈಡ್ರಾದಿಂದ ನಮಗೇನೂ ಭಯವಿಲ್ಲ.

ಕಡಲಲ್ಲಿ ಕುಟುಕಿಸಿಕೊಂಡರೆ ಉಜ್ಜಬೇಡಿ, ಬಾಟಲಿಯ ಸಿಹಿನೀರು ಸುರಿಯಬೇಡಿ. ಸಿಡಿಯದೆ ಉಳಿದ ಚೀಲಗಳೂ ಸಿಡಿದಾವು. ಸಮುದ್ರದ ನೀರಲ್ಲೇ ತೊಳೆದು, ಚಿಮುಟದಿಂದ ಎಳೆ ತೆಗೆಯಿರಿ. ಆಮೇಲೆ ಮೈ ತಡೆಯುವಷ್ಟು ಬಿಸಿನೀರಲ್ಲಿ ಅದ್ದಿಟ್ಟರೆ ನೋವು ಇಳಿಯುತ್ತದೆ. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಓಡಿ.