ಒಳಕ್ಕೆ ಮಗುಚಿದ ರೆಪ್ಪೆ: ನಾಯಿಯ ದೃಷ್ಟಿಯನ್ನುಳಿಸುವ ಶಸ್ತ್ರಕ್ರಿಯೆ

ನಾಯಿಯ ಕಣ್ಣಿನಿಂದ ಎಡೆಬಿಡದೆ ನೀರು ಸುರಿಯುತ್ತಿದ್ದರೆ, ಅದು ಬೆಳಕಿಗೆ ಕಣ್ಣು ಮುಚ್ಚಿಕೊಂಡು ಮುಂಗಾಲಿನಿಂದ ಮೋರೆಯನ್ನುಜ್ಜಿಕೊಳ್ಳುತ್ತಿದ್ದರೆ, ಧೂಳು ಬಿದ್ದಿರಬೇಕೆಂದು ನಾವು ಸುಮ್ಮನಾಗುವುದುಂಟು. ಆದರೆ ಕೆಲವೊಮ್ಮೆ ಅಪರಾಧಿ ಧೂಳಲ್ಲ; ಕಣ್ಣನ್ನು ಕಾಯಬೇಕಾದ ರೆಪ್ಪೆಯೇ. ರೆಪ್ಪೆಯ ಅಂಚು ಒಳಕ್ಕೆ ಮಗುಚಿಕೊಂಡಾಗ ಅದರ ರೋಮಗಳು ಪ್ರತಿಯೊಂದು ಮಿಟುಕಿಗೂ ಕಣ್ಣಿನ ಪಾರದರ್ಶಕ ಪಟಲವಾದ ಕಾರ್ನಿಯವನ್ನು ಉಜ್ಜುತ್ತವೆ. ವೈದ್ಯರು ಇದನ್ನು ‘ಎಂಟ್ರೋಪಿಯನ್’ ಎನ್ನುತ್ತಾರೆ. ಅಲಕ್ಷಿಸಿದಲ್ಲಿ ಕಾರ್ನಿಯದಲ್ಲಿ ಹುಣ್ಣಾಗಿ, ಕಲೆ ಕಟ್ಟಿ, ಕೊನೆಗೆ ದೃಷ್ಟಿಯೇ ನಾಶವಾಗಬಹುದು.

ಈ ದೋಷವು ಬಹುಮಟ್ಟಿಗೆ ವಂಶದಿಂದ ಬರತಕ್ಕದ್ದು. ನಮ್ಮ ನಗರಗಳಲ್ಲಿ ಸಾಕುವ ಲ್ಯಾಬ್ರಡಾರ್, ರಾಟ್‌ವೈಲರ್, ಗ್ರೇಟ್ ಡೇನ್ ತಳಿಗಳಲ್ಲಿಯೂ ಇದುಂಟು. ಆದರೆ ಮನುಷ್ಯನ ಕೈವಾಡವು ಸ್ಪಷ್ಟವಾಗಿ ತೋರುವುದು ಚೀನ ಮೂಲದ ಶಾರ್‌ಪೇ ತಳಿಯಲ್ಲಿ. ಅಳಿವಿನಂಚಿನಲ್ಲಿದ್ದ ಈ ತಳಿಯನ್ನು ಉಳಿಸಿರೆಂದು ಹಾಂಗ್‌ಕಾಂಗಿನ ಮ್ಯಾಟ್ಗೋ ಲಾ ಎಂಬವರು 1973ರಲ್ಲಿ ಅಮೆರಿಕದ ಶ್ವಾನಪ್ರಿಯರಿಗೆ ಮೊರೆಯಿಟ್ಟರು. ತಳಿ ಉಳಿಯಿತು. ಆದರೆ ಸುಕ್ಕು ಹೆಚ್ಚಿದಷ್ಟೂ ಚೆಲುವೆಂಬ ಮೋಹದಿಂದ ಮರಿ ಮಾಡಿಸುತ್ತ ಹೋದುದರಿಂದ, ಹಣೆಯ ಚರ್ಮದ ಭಾರವೇ ರೆಪ್ಪೆಯನ್ನು ಒಳಕ್ಕೊತ್ತಲಾರಂಭಿಸಿತು.

ಕೆಲವೇ ವಾರಗಳ ಮರಿಗಳಿಗೂ ಈ ಬಾಧೆ ತಪ್ಪದು. ಅವುಗಳ ಮುಖ ಇನ್ನೂ ಬೆಳೆಯುತ್ತಿರುವುದರಿಂದ ಚರ್ಮವನ್ನು ಕತ್ತರಿಸದೆ, ಕೆಲವು ಹೊಲಿಗೆಗಳಿಂದ ರೆಪ್ಪೆಯನ್ನು ತಾತ್ಕಾಲಿಕವಾಗಿ ಹೊರಕ್ಕೆಳೆದಿಡುತ್ತಾರೆ. ಮುಖ ಬಲಿತ ಮೇಲೂ ದೋಷವುಳಿದರೆ ಶಾಶ್ವತ ಶಸ್ತ್ರಕ್ರಿಯೆ ಬೇಕಾಗುವುದು.

ವೈದ್ಯರು ಮೊದಲು ಕಣ್ಣಿಗೆ ಅರಿವಳಿಕೆಯ ಹನಿ ಹಾಕಿ, ನೋವಿನ ಬಿಗಿತದಿಂದ ಮಗುಚಿದ ಭಾಗವೆಷ್ಟು, ರಚನೆಯ ದೋಷವೆಷ್ಟು ಎಂಬುದನ್ನು ಅಳೆಯುತ್ತಾರೆ. ಬಳಿಕ ನಾಯಿಗೆ ಮೈಮರೆಸಿ, ರೆಪ್ಪೆಯ ಅಂಚಿನಿಂದ ಸುಮಾರು 2 ಮಿಲಿಮೀಟರ್ ಬಿಟ್ಟು, ಅರ್ಧಚಂದ್ರಾಕಾರದ ಚರ್ಮದ ಪಟ್ಟಿಯೊಂದನ್ನು ತೆಗೆದು ನವಿರಾದ ದಾರದಿಂದ ಹೊಲಿಯುತ್ತಾರೆ. ಅಂಚು ಹೊರಕ್ಕೆ ತಿರುಗುತ್ತದೆ. ಇದಕ್ಕೆ ‘ಹಾಟ್ಸ್–ಸೆಲ್ಸಸ್’ ವಿಧಾನವೆಂದು ಹೆಸರು, ಸೆಲ್ಸಸ್ ಕ್ರಿ. ಶ. 1ನೆಯ ಶತಮಾನದ ರೋಮನ್ ಗ್ರಂಥಕಾರ. ಕೈಚಳಕವಿರುವುದು ಮಿತಿಯಲ್ಲಿ. ಹೆಚ್ಚು ತೆಗೆದರೆ ರೆಪ್ಪೆ ಹೊರಕ್ಕೆ ಜೋತುಬೀಳುವುದು. ಕಡಿಮೆಯಾದರೆ ಮತ್ತೊಮ್ಮೆ ಸರಿಪಡಿಸಬಹುದು. ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ನಾಯಿ ಗಾಯವನ್ನು ಕೆರೆದುಕೊಳ್ಳದಂತೆ ಕೊರಳಿಗೆ ಕೊಳವೆಯಾಕಾರದ ಪಟ್ಟಿ ಕಟ್ಟಬೇಕು.

ಶಸ್ತ್ರಕ್ರಿಯೆಯಿಂದ ಆ ನಾಯಿಯ ಕಣ್ಣು ಉಳಿದೀತು. ಅದರ ಸಂತಾನದ ದೋಷ ಅಳಿಯದು. ಆದಕಾರಣ ಇಂತಹ ನಾಯಿಯಿಂದ ಮರಿ ಮಾಡಿಸಲಾಗದು. ಮರಿ ಕೊಳ್ಳುವವರು ಸುಕ್ಕಿನ ಸೊಗಸಿಗೆ ಮರುಳಾಗದೆ, ತಾಯಿತಂದೆಗಳ ಕಣ್ಣುಗಳನ್ನು ಮೊದಲು ನೋಡಲಿ. ನಮ್ಮ ಕಣ್ಣಿನ ವಿಲಾಸಕ್ಕಾಗಿ ಮೂಕಪ್ರಾಣಿ ತನ್ನ ಕಣ್ಣನ್ನು ತೆರಬೇಕೆ?