ಕ್ರೈಸ್ತರ ಕಲ್ಪನೆಯಲ್ಲಿ ದೇವರ ರೂಪ

ರಾಜಾಜಿನಗರದಲ್ಲಿ ನಾವು ಮನೆ ಹೂಡಿದ ಹೊಸತು. ಪಕ್ಕದ ಮನೆಯ ಪಡಸಾಲೆಯಲ್ಲಿ ಹಗಲೂ ಇರುಳೂ ಉರಿಯುತ್ತಿದ್ದ ಒಂದು ಸಣ್ಣ ಕೆಂಪು ಬಲ್ಬು ರಸ್ತೆಗೆ ಕಾಣಿಸುತ್ತಿತ್ತು. ಅದು ನಿವೃತ್ತ ಶಿಕ್ಷಕಿಯೊಬ್ಬರ ಮನೆ. ಬೀದಿಗೆಲ್ಲ ಅವರು ಟೀಚರಮ್ಮ. ಬಲ್ಬಿನ ಮೇಲ್ಗಡೆ ಕಟ್ಟುಹಾಕಿಸಿದ ಒಂದು ಚಿತ್ರ: ಗೌರವರ್ಣ, ಭುಜದವರೆಗೆ ಇಳಿದ ಕಂದುಗೂದಲು, ಎದೆಯ ಮೇಲೆ ಮುಳ್ಳು ಸುತ್ತಿದ ಉರಿಯುವ ಹೃದಯ, ಒಂದು ಕೈ ಅದನ್ನು ತೋರಿಸುತ್ತಿದೆ, ಇನ್ನೊಂದು ಹರಸುತ್ತಿದೆ. ಕನ್ನಡ ಕಥೋಲಿಕರು ಇದನ್ನು ಯೇಸುವಿನ ಪವಿತ್ರ ಹೃದಯವೆನ್ನುತ್ತಾರೆ. ಹಿಂದಿನವರ ಬಾಯಲ್ಲಿ ಅದು ತಿರುಹೃದಯ. ನಾನು ಸ್ವಲ್ಪ ಅವಿವೇಕದಿಂದಲೇ, “ನಿಮ್ಮ ದೇವರು ಇವರೇ ಅಲ್ಲವೆ?” ಎಂದು ಕೇಳಿದೆ. ಅವರು ನಕ್ಕು, “ದೇವರೇ ಹೌದು ಮೇಷ್ಟ್ರೆ. ಆದರೆ ದೇವರು ಹೀಗೇ ಇದ್ದಾರೆ ಅಂತ ನಾವು ಹೇಳೋದಿಲ್ಲ” ಎಂದರು.

ಕ್ರೈಸ್ತಧರ್ಮ ದೇವರ ರೂಪವನ್ನು ಕುರಿತು ಎರಡು ಸಾವಿರ ವರ್ಷ ನಡೆಸಿದ ಜಿಜ್ಞಾಸೆಯೆಲ್ಲ ಆ ಎರಡು ಮಾತುಗಳ ನಡುವೆ ಇದೆಯೆಂದು ನನಗೆ ಅರಿವಾದದ್ದು ಬಹುಕಾಲದ ಮೇಲೆ. ಸೀನಾಯಿ ಬೆಟ್ಟದಲ್ಲಿ ಮೋಶೆಗೆ ದೊರೆತ ಹತ್ತು ಆಜ್ಞೆಗಳು ವಿಗ್ರಹವನ್ನು ನಿಷೇಧಿಸುತ್ತವೆ. ಯೇಸುವೂ ಆತನ ಮೊದಲ ಶಿಷ್ಯರೂ ಈ ನಿಷೇಧದಲ್ಲೇ ಬೆಳೆದ ಯೆಹೂದ್ಯರು. ಅದರಿಂದಲೋ ಏನೋ, ಆತನ ಬಾಳನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಆತನು ಎತ್ತರವಿದ್ದನೆ, ಕಪ್ಪಗಿದ್ದನೆ, ಗಡ್ಡವಿತ್ತೆ ಎಂಬ ಬಗ್ಗೆ ಒಂದಕ್ಷರವೂ ಇಲ್ಲ. ನಮ್ಮ ಕಾವ್ಯಗಳ ಆಪಾದಮಸ್ತಕ ವರ್ಣನೆಗೆ ಒಗ್ಗಿದ ನಮಗೆ ಈ ಮೌನ ವಿಚಿತ್ರವೆನಿಸುತ್ತದೆ. ಹೀಗಾಗಿ ಮೊದಲ ಚಿತ್ರಕಾರರಿಗೆ ಆಧಾರವೂ ಇರಲಿಲ್ಲ, ಅಂಕೆಯೂ ಇರಲಿಲ್ಲ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ, ಕ್ರಿಸ್ತಶಕ ಮೂರನೆಯ ಶತಮಾನದಲ್ಲಿ, ಆತನು ಹೆಗಲ ಮೇಲೆ ಕುರಿ ಹೊತ್ತ, ಮೀಸೆ ಮೂಡದ ಹುಡುಗ. ಗಡ್ಡವೂ ನೀಳಗೂದಲೂ ಆಮೇಲೆ ಬಂದವು. ತಂದೆಯಾದ ದೇವರನ್ನಂತೂ ಅವರು ಬಹುಕಾಲ ಬರೆಯಲೇ ಇಲ್ಲ. ಅನಿವಾರ್ಯವಾದಲ್ಲಿ ಮೋಡದೊಳಗಿಂದ ಚಾಚಿದ ಒಂದು ಕೈಯನ್ನು ಮಾತ್ರ ಬರೆದರು. ಆ ಸಂಕೋಚ ನನಗೆ ಬಹಳ ಹಿಡಿಸುತ್ತದೆ.

ಎಂಟನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿಗಳು ಚಿತ್ರಗಳನ್ನು ಒಡೆಸಲು ಹೊರಟಾಗ ವಾದ ತಾರಕಕ್ಕೇರಿತು. ಅರಬ್ಬರ ಆಳ್ವಿಕೆಯಲ್ಲಿ ಬಾಳುತ್ತಿದ್ದ ದಮಾಸ್ಕಸ್ಸಿನ ಯೋಹಾನನೆಂಬ ಸನ್ಯಾಸಿ ಅದಕ್ಕೆ ಕೊಟ್ಟ ಉತ್ತರದ ಸಾರವಿಷ್ಟು: ಕಾಣದ ದೇವರನ್ನು ಬರೆಯಲಾಗದು, ನಿಜ, ಆದರೆ ಆ ದೇವರೇ ಮೈದಳೆದು ಮನುಷ್ಯರ ನಡುವೆ ಓಡಾಡಿದನೆಂದು ನಂಬಿದ ಮೇಲೆ, ಕಂಡದ್ದನ್ನು ಬರೆಯುವುದು ತಪ್ಪಾಗದು. 787ರಲ್ಲಿ ನೈಸಿಯಾದಲ್ಲಿ ಸೇರಿದ ಧರ್ಮಸಭೆ ಈ ಪಕ್ಷವನ್ನು ಎತ್ತಿಹಿಡಿಯಿತು. ಜೊತೆಗೆ ಆರಾಧನೆ ಬೇರೆ, ವಂದನೆ ಬೇರೆ ಎಂದು ಗೆರೆ ಎಳೆಯಿತು. ಚಿತ್ರಕ್ಕೆ ಸಲ್ಲುವುದು ವಂದನೆ ಮಾತ್ರ. ಅದೂ ಚಿತ್ರವನ್ನು ದಾಟಿ ಮೂಲಕ್ಕೆ ತಲುಪುತ್ತದೆ. (ಮರಿಯಮ್ಮನ ಗುಡಿ ಎನ್ನುವ ನಾವು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ಆಕೆ ಅವರಿಗೆ ದೇವಿಯಲ್ಲ, ದೇವಮಾತೆ.) ಹದಿನಾರನೆಯ ಶತಮಾನದ ಪ್ರಾಟೆಸ್ಟೆಂಟರಲ್ಲಿ ಅನೇಕರಿಗೆ ಈ ಗೆರೆ ತೀರ ತೆಳುವೆನಿಸಿತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಆ ಸಂಪ್ರದಾಯದವರು. ಅವರ ಆರಾಧನೆಯ ನಡುವೆ ಇದ್ದದ್ದು ಗ್ರಂಥ ಮತ್ತು ಹಾಡು, ಮೂರ್ತಿಯಲ್ಲ.

ತಂದೆಯನ್ನು ಬಿಳಿಗಡ್ಡದ ಮುದುಕನಾಗಿ ಬರೆಯುವ ರೂಢಿ ಮಧ್ಯಯುಗದ ಕೊನೆಗೆ ಬಲವಾಯಿತು. ಮೈಕೆಲಾಂಜೆಲೋ ಅದನ್ನು ಲೋಕಪ್ರಸಿದ್ಧಗೊಳಿಸಿದ. ತ್ರಿತ್ವವನ್ನು ಒಂದೇ ತಲೆಗೆ ಮೂರು ಮುಖಗಳಿಟ್ಟು ಬರೆದವರೂ ಇದ್ದರು. ನಮ್ಮ ಕಣ್ಣಿಗೆ ಅದು ಸಹಜವಾಗಿಯೇ ಕಂಡೀತು. 1628ರಲ್ಲಿ ಪೋಪ್ ಎಂಟನೆಯ ಉರ್ಬನ್ ಅದನ್ನು ನಿಷೇಧಿಸಿದರು.

ಟೀಚರಮ್ಮನ ಗೋಡೆಯ ಚಿತ್ರಕ್ಕೆ ಬರೋಣ. ಅದರ ಹಿಂದೆ 1670ರ ದಶಕದಲ್ಲಿ ಫ್ರಾನ್ಸಿನ ಸನ್ಯಾಸಿನಿ ಮಾರ್ಗರೆಟ್ ಮೇರಿ ಅಲಕೋಕ್ ಕಂಡರೆಂಬ ದರ್ಶನಗಳಿವೆ. ಇಟಲಿಯ ಪೊಂಪಿಯೊ ಬಟೋನಿ 1767ರಲ್ಲಿ ಬರೆದ ಚಿತ್ರ ಅವಕ್ಕೆ ಒಂದು ಮುಖ ಕೊಟ್ಟಿತು. ಪ್ರಾಟೆಸ್ಟೆಂಟರ ಮನೆಗಳಲ್ಲಿ ಕಾಣುವ ಇನ್ನೊಂದು ಮುಖ ಅಮೆರಿಕದ ವಾರ್ನರ್ ಸಾಲ್‌ಮನ್ 1940ರಲ್ಲಿ ಬರೆದದ್ದು. ಪಶ್ಚಿಮ ಏಷ್ಯಾದ ಒಬ್ಬ ಬಡಗಿಯ ಮುಖ ಹೀಗೆ ಯೂರೋಪು ಅಮೆರಿಕಗಳನ್ನು ಸುತ್ತಿ, ಬೆಳ್ಳಗಾಗಿ, ನಮ್ಮ ಬಡಾವಣೆಗಳ ಕ್ಯಾಲೆಂಡರುಗಳಿಗೆ ಬಂದು ಸೇರಿತು.

ಇದು ಬರಿಯ ಬಣ್ಣದ ಪ್ರಶ್ನೆಯಲ್ಲ. ನನ್ನಂತಿಲ್ಲದ ಮುಖವನ್ನೇ ದೇವರ ಮುಖವೆಂದು ಮಗು ದಿನಾ ನೋಡುತ್ತ ಬೆಳೆದರೆ ತನ್ನ ಮುಖವನ್ನು ಕುರಿತು ಅದು ಏನೆಂದುಕೊಂಡೀತು? ಬೆಂಗಳೂರಿನ ಕ್ರೈಸ್ತ ಚಿಂತಕರು ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡರು. 1967ರಲ್ಲಿ ಫಾದರ್ ಅಮಲೋರ್ಪವದಾಸ್ ಇಲ್ಲಿ ಸ್ಥಾಪಿಸಿದ ಕಥೋಲಿಕರ ರಾಷ್ಟ್ರೀಯ ಕೇಂದ್ರದಲ್ಲಿ ಪ್ರಾರ್ಥನಾಮಂದಿರವೇ ದೇಗುಲದ ಧಾಟಿಗೆ ತಿರುಗಿತು. 1969ರಲ್ಲಿ ರೋಮಿನ ಅನುಮತಿ ದೊರೆತು ಎಣ್ಣೆಯ ದೀಪ, ಆರತಿ, ನೆಲದ ಮೇಲೆ ಕುಳಿತು ಕೈಮುಗಿಯುವುದು ಪೂಜಾವಿಧಿಯೊಳಗೆ ಬಂದವು. ಇದು ಹಿಂದೂಕರಣವೆಂದು ಹಲವು ಕಥೋಲಿಕರೇ ಮುನಿದರು. ಅದಕ್ಕಿಂತ ಮೊನಚಾದ ಆಕ್ಷೇಪ ಬೇರೆ ದಿಕ್ಕಿನಿಂದ ಬಂತು. 1980ರ ದಶಕದ ಆರಂಭದಲ್ಲಿ ಇಲ್ಲಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಅರವಿಂದ ನಿರ್ಮಲ್ ಮೊದಲಾದವರು ದಲಿತ ದೇವತಾಶಾಸ್ತ್ರಕ್ಕೆ ಅಡಿಪಾಯ ಹಾಕಿದರು. ಭಾರತೀಯ ಕ್ರೈಸ್ತರಲ್ಲಿ ಬಹುಸಂಖ್ಯಾತರು ದಲಿತರಾಗಿರುವಾಗ, ತಾತಮುತ್ತಾತಂದಿರನ್ನು ಹೊರಗಿಟ್ಟ ಗುಡಿಯ ಉಡುಗೆಯನ್ನೇ ದೇವರಿಗೆ ತೊಡಿಸುವುದೇಕೆ ಎಂಬುದು ಈ ಪಕ್ಷದ ಪ್ರಶ್ನೆ. ಅವರಿಗೆ ಬೇಕಾದದ್ದು ಶಿಷ್ಯರ ಕಾಲು ತೊಳೆದ, ಸೇವಕನಾದ ದೇವರು. ನನಗೆ ಈ ಆಕ್ಷೇಪಕ್ಕೆ ತಕ್ಕ ಉತ್ತರ ತೋಚಿಲ್ಲ.

ಉತ್ತರದ ಹತ್ತಿರ ಬಂದವರು ಒಬ್ಬ ಚಿತ್ರಕಾರರೆಂದು ತೋರುತ್ತದೆ. 1944ರಲ್ಲಿ ಹುಟ್ಟಿ, ನಮ್ಮ ನಗರದ ಹೊರಗೆ ಸಿಲ್ವೇಪುರದಲ್ಲಿ ನೆಲಸಿದ ಜ್ಯೋತಿ ಸಾಹಿಯವರ ‘ದಲಿತ ಮಡೊನ್ನಾ’ ಎಂಬ ಚಿತ್ರ ಈಗ ಇಂಗ್ಲೆಂಡಿನ ಮೆಥಡಿಸ್ಟರ ಸಂಗ್ರಹದಲ್ಲಿದೆ. ಅದರ ಮೂಲಕಲ್ಪನೆ ಅಡುಗೆಮನೆಯ ಒರಳುಕಲ್ಲು. ತಗ್ಗಾದ ದೊಡ್ಡ ಕಲ್ಲು ತಾಯಿ, ಅದರ ಮಡಿಲಲ್ಲಿ ಕೂತ ಗುಂಡು ಮಗು. ಚಕ್ರವರ್ತಿಯ ಕಿರೀಟವಿಲ್ಲ, ಋಷಿಯ ಪದ್ಮಾಸನವಿಲ್ಲ. ಉದ್ದಿನಬೇಳೆ ರುಬ್ಬಿದ ಯಾವ ಕೈಗಾದರೂ ಪರಿಚಿತವಾದ ಕಲ್ಲು.

ಬಣ್ಣದಲ್ಲಿ ಇಷ್ಟು ತಡವಾಗಿ ಆದದ್ದು ಮಾತಿನಲ್ಲಿ ಬಹಳ ಹಿಂದೆಯೇ ಆಗಿತ್ತು. ಸಾಹಿತ್ಯಪ್ರಿಯರಾದ ಕೇಳುಗರಿಗೆ ಇದು ರುಚಿಸೀತು. ಹದಿನೇಳನೆಯ ಶತಮಾನದಲ್ಲಿ ಮಧುರೆಯ ಜೆಸ್ವಿಟ್ ಪಾದ್ರಿ ರಾಬರ್ಟ್ ದೆ ನೊಬಿಲಿ ದೇವರಿಗೆ ಬಳಸಿದ ಸರ್ವೇಶ್ವರ ಎಂಬ ಹೆಸರು ಕನ್ನಡ ಕಥೋಲಿಕರಲ್ಲೂ ಉಳಿದುಬಂದಿದೆ. ಶೈವರ ಕಿವಿಗೆ ಅದು ಮನೆಯ ಮಾತು. 1830ರ ದಶಕದ ಆರಂಭದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನವರ ದುಡಿಮೆಯಿಂದ ಬೈಬಲ್ಲು ಇಡಿಯಾಗಿ ಕನ್ನಡಕ್ಕೆ ಬಂತು. ಪ್ರಾಟೆಸ್ಟೆಂಟರು ತಲೆಮಾರುಗಳಿಂದ ಓದುತ್ತಬಂದ ಕನ್ನಡ ಬೈಬಲ್ಲಿನ ಮೊದಲ ವಾಕ್ಯದಲ್ಲೇ ಒಂದು ವ್ಯಾಕರಣದೋಷ ಕಾಣುತ್ತದೆ: ಕರ್ತೃಪದ ‘ದೇವರು’, ಬಹುವಚನ, ಕ್ರಿಯಾಪದ ಪುಲ್ಲಿಂಗದ ಏಕವಚನ. ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಾದರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ. ಆದರೆ ಮೂಲ ಹೀಬ್ರೂವಿನಲ್ಲೂ ಹೀಗೆಯೇ ಇದೆ: ‘ಎಲೋಹೀಮ್’ ಎಂಬ ಪದದ ರೂಪ ಬಹುವಚನ, ಕ್ರಿಯಾಪದ ಏಕವಚನ! ಗೌರವಕ್ಕಾಗಿ ಬಹುವಚನವಾದ ನಮ್ಮ ‘ದೇವರು’ ಆ ಹಳೆಯ ಬಿರುಕನ್ನು ತಾನಾಗಿಯೇ ಪುನಃ ತಂದಿತು. ಗಂಡೆಂದೂ ಹೆಣ್ಣೆಂದೂ ಹೇಳದ ಪದವದು. ಬಿಳಿಗಡ್ಡ ಅದರಲ್ಲಿ ಎಲ್ಲಿ ಅಂಟಿಕೊಂಡೀತು?

ಪವಿತ್ರಾತ್ಮದ ಕಥೆ ಇನ್ನೂ ಸ್ವಾರಸ್ಯದ್ದು. ಹೀಬ್ರೂವಿನಲ್ಲಿ ಆತ್ಮವೆಂಬ ಪದ ಹೆಚ್ಚಾಗಿ ಸ್ತ್ರೀಲಿಂಗ, ಗ್ರೀಕಿನಲ್ಲಿ ನಪುಂಸಕ, ಲ್ಯಾಟಿನ್ನಿನಲ್ಲಿ ಪುಲ್ಲಿಂಗ. ಹಳೆಯ ಸಿರಿಯಾಕ್ ಲೇಖಕರು ಅದನ್ನು ತಾಯಿಯೆಂದೂ ಭಾವಿಸಿದ್ದುಂಟು. ಕನ್ನಡದ ಪ್ರಾಟೆಸ್ಟೆಂಟರು ‘ಪವಿತ್ರಾತ್ಮನು’ ಎಂದರೆ ಕಥೋಲಿಕರು ಶಿಲುಬೆಯ ಗುರುತು ಮಾಡಿಕೊಳ್ಳುವಾಗ ‘ಪವಿತ್ರಾತ್ಮರ’ ಎನ್ನುತ್ತಾರೆ. ಒಂದು ‘ರ’ಕಾರ ಲಿಂಗದ ತೊಡಕನ್ನೇ ಬಿಡಿಸಿಬಿಟ್ಟಿತು. ಕ್ರೈಸ್ತರಲ್ಲದ ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ದಲ್ಲಿ ಶಿಲುಬೆಯ ಕಥೆಯನ್ನು ಕನ್ನಡದ ಕಾವ್ಯವಾಗಿಸಿದ್ದೂ ನುಡಿಯೊಳಗೆ ಆಗಲೇ ಸವೆದಿದ್ದ ಈ ದಾರಿಯಲ್ಲಿಯೇ.

ಟೀಚರಮ್ಮನಿಗೆ ಈಚಿನ ವರ್ಷಗಳಲ್ಲಿ ದೃಷ್ಟಿ ಹೋಗಿದೆ. ಮಕ್ಕಳು ಪರಸ್ಥಳದಲ್ಲಿದ್ದಾರೆ. ಒಂದು ಸಂಜೆ ಗೋಡೆಯಾಚೆಯಿಂದ ಕರೆದು, “ಮೇಷ್ಟ್ರೆ, ದೀಪ ಹೋಗಿದೆ ಅಂತ ಕೆಲಸದ ಹುಡುಗಿ ಹೇಳಿದಳು, ಒಂದಿಷ್ಟು ನೋಡ್ತೀರಾ?” ಎಂದರು. ಬಲ್ಬು ಕೊಂಡು ತಂದು ಸ್ಟೂಲು ಹತ್ತಿದೆ. ಇಷ್ಟು ವರ್ಷಗಳಲ್ಲಿ ಆ ಚಿತ್ರವನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಗಾಜಿನೊಳಗೆ ಧೂಳು ಇಳಿದಿತ್ತು. ಬಿಸಿಲಿಗೆ ಮುಖದ ಬಣ್ಣ ಬಹುಮಟ್ಟಿಗೆ ಹಾರಿಹೋಗಿ, ಎತ್ತಿದ ಕೈ ಮಾತ್ರ ಸ್ಪಷ್ಟವಾಗಿತ್ತು. ಅಂಚಿನಲ್ಲಿ ಶಿವಕಾಶಿಯ ಅಚ್ಚುಕೂಟವೊಂದರ ಹೆಸರಿತ್ತು. ಬಲ್ಬು ಸಿಕ್ಕಿಸಿ ಕೆಳಗಿಳಿದೆ.

“ಹತ್ತಿತೇ?” ಎಂದರು.

“ಹತ್ತಿತು, ಟೀಚರಮ್ಮ.”

ಅವರು ಕೈ ಜೋಡಿಸಿದರು. ಮುಖ ಚಿತ್ರದ ಕಡೆಗಿರಲಿಲ್ಲ. ಎರಡು ಮಾರು ಈಚೆಗೆ, ತೆರೆದ ಕಿಟಕಿಯ ಕಡೆಗಿತ್ತು. ನಾನು ಸ್ಟೂಲನ್ನು ಅದರ ಜಾಗಕ್ಕೆ ಇಟ್ಟು ಬಂದೆ.